ಅಳಿಸುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಪೈಥಾನ್‌ನಲ್ಲಿ ವೆಬ್ ಆ್ಯಪ್ ಬರೆಯಲು ಕಲಿಸುವ ಮೇಷ್ಟ್ರುಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ.

ನಾನು ಒಂದು ಚಿಕ್ಕ ಗ್ರಂಥಾಲಯದ ಆ್ಯಪ್ ನೋಡಿಕೊಳ್ಳುತ್ತೇನೆ. ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟಲು ಬಳಸುವ ಚೌಕಟ್ಟಾದ ಜಾಂಗೋದಲ್ಲಿ ಬರೆದದ್ದು. ಕಳೆದ ತಿಂಗಳು 'ಇತರೆ' ಅನ್ನೋ ವಿಭಾಗ ಬೇಡವೆನಿಸಿ ಶೆಲ್‌ನಲ್ಲಿ, ಅಂದರೆ ನೇರವಾಗಿ ಆದೇಶ ಟೈಪ್ ಮಾಡುವ ಕಡೆ, ಅಳಿಸಿದೆ. ಹೋಗಬೇಕಾಗಿದ್ದು ಒಂದೇ ದಾಖಲೆ. ತೆರೆಯ ಮೇಲೆ ಬಂದ ಲೆಕ್ಕ 412. ವಿಭಾಗ 1, ಪುಸ್ತಕ 96, ಎರವಲು 315. ವಿಭಾಗದ ಹಿಂದೆ ಪುಸ್ತಕಗಳು, ಪುಸ್ತಕಗಳ ಹಿಂದೆ ಅವನ್ನು ಯಾರು ಯಾವಾಗ ಒಯ್ದರು ಅನ್ನುವ ಲೆಕ್ಕ, ಎಲ್ಲವೂ ಹೋಗಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದಕ್ಕೆ ಬಚಾವಾದೆವು. ಆ ಬೆಳಿಗ್ಗೆಯ ಎರವಲುಗಳು ಮಾತ್ರ ಸಿಗಲಿಲ್ಲ. ಕೌಂಟರಿನಲ್ಲಿ ಕೂತಿದ್ದವರ ನೆನಪಿನಿಂದ ಒಂದೊಂದಾಗಿ ಮತ್ತೆ ಬರೆದೆವು. (ಮುಖಪುಟದ ಚಿತ್ರಗಳು ಡಿಸ್ಕಿನಲ್ಲಿ ಹಾಗೇ ಇದ್ದವು. ಜಾಂಗೋ ದಾಖಲೆ ಅಳಿಸುತ್ತದೆ, ಫೈಲ್ ಮುಟ್ಟುವುದಿಲ್ಲ.)

ಒಂದು ದಾಖಲೆಯನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿಗೆ ಫಾರಿನ್ ಕೀ ಅನ್ನುತ್ತಾರೆ. ಜೋಡಿಸಿದ ದಾಖಲೆ ಅಳಿದರೆ ಏನು ಮಾಡಬೇಕು ಅಂತ ಅದರಲ್ಲಿ ಹೇಳುವ ಜಾಗ ಆನ್-ಡಿಲೀಟ್. ಕಾರಣ, ಅಲ್ಲಿ ಕೊಟ್ಟಿದ್ದ ಕ್ಯಾಸ್ಕೇಡ್, ಅಂದರೆ ಜೋಡಿಕೊಂಡಿರುವುದೆಲ್ಲವನ್ನೂ ಜೊತೆಗೇ ಅಳಿಸು ಅನ್ನುವ ಆಯ್ಕೆ. ನಾನು ಕಲಿತ ಪಾಠದಲ್ಲಿ ಎಲ್ಲ ಕಡೆಯೂ ಅದೇ ಇತ್ತು. ಯಾಕೆ ಅಂತ ಯಾರೂ ಹೇಳಿರಲಿಲ್ಲ. 2017ರಲ್ಲಿ ಬಂದ ಜಾಂಗೋ 2.0 ಆನ್-ಡಿಲೀಟ್ ಬರೆಯುವುದನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಏನೂ ಬರೆಯದಿದ್ದರೆ ಕ್ಯಾಸ್ಕೇಡ್ ಅಂತಲೇ ಲೆಕ್ಕ. ಈಗ ನಾವೇ ಆರಿಸಬೇಕು. ಆದರೆ ಸುಮ್ನೆ ನಕಲು ಮಾಡಿದರೆ ಆರಿಸಿದ ಹಾಗಾಗುವುದಿಲ್ಲ, ಅಲ್ವಾ?

ಉದಾಹರಣೆಗೆ, ಅಂಗಡಿಯ ಆ್ಯಪ್‌ನಲ್ಲಿ ಬಿಲ್ ಹೋದರೆ ಅದರೊಳಗಿನ ಐಟಂಗಳಿಗೆ ಕೆಲಸವಿಲ್ಲ. ಅಲ್ಲಿ ಕ್ಯಾಸ್ಕೇಡ್ ಸರಿ. ನಮ್ಮ ವಿಭಾಗಕ್ಕೆ ಬೇಕಾಗಿದ್ದದ್ದು ಪ್ರೊಟೆಕ್ಟ್. ಒಂದು ಪುಸ್ತಕ ಉಳಿದಿದ್ದರೂ ಅದು ವಿಭಾಗವನ್ನು ಅಳಿಸಲು ಬಿಡುವುದಿಲ್ಲ, ತಪ್ಪು ತೋರಿಸಿ ನಿಲ್ಲಿಸುತ್ತದೆ. ಸದಸ್ಯರು ಬಿಟ್ಟುಹೋದರೂ ಎರವಲಿನ ಚರಿತ್ರೆ ಉಳಿಯಬೇಕು. ಅಲ್ಲಿಗೆ ಈಗ, ಸದಸ್ಯರ ಕಾಲಂ ಖಾಲಿ ಮಾಡಿ ಎರವಲನ್ನು ಉಳಿಸುವ ಸೆಟ್-ನಲ್ ಹಾಕಿದ್ದೇನೆ. ಆ ಕಾಲಂ ಖಾಲಿ ಇರಲು ಒಪ್ಪಬೇಕು, ಅಷ್ಟೇ.

ಜಾಂಗೋ ಜೊತೆಗೇ ಬರುವ, ದಾಖಲೆಗಳನ್ನು ನೋಡಿಕೊಳ್ಳುವ ಅಡ್ಮಿನ್ ಪುಟದಲ್ಲಿ ಅಳಿಸಲು ಹೋದರೆ ಜೊತೆಗೆ ಏನೇನು ಹೋಗುತ್ತದೆ ಅಂತ ಪಟ್ಟಿ ತೋರಿಸಿ ಕೇಳುತ್ತದೆ. ಶೆಲ್ ಕೇಳುವುದಿಲ್ಲ. ನಮ್ಮ ಕೋಡ್ ಕೂಡ ಕೇಳುವುದಿಲ್ಲ. ಕಲಿಯುವವರಿಗೆ ಇದು ಮೊದಲೇ ಗೊತ್ತಿರಬೇಕು.

ದಾಖಲೆ ಸೇರಿಸುವುದಕ್ಕೆ ತರಗತಿಯಲ್ಲಿ ಜಾಸ್ತಿ ಹೊತ್ತು ಕೊಡುತ್ತೀರಿ. ಒಂದು ದಿನ ಅಳಿಸುವುದಕ್ಕೂ ಕೊಡಿ. ವಿದ್ಯಾರ್ಥಿಗಳ ಕೈಯಲ್ಲೇ ಒಂದು ವಿಭಾಗ ಅಳಿಸಿಸಿ, ಬರುವ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ. ಆಮೇಲೆ ಕ್ಯಾಸ್ಕೇಡ್ ತೆಗೆದು ಪ್ರೊಟೆಕ್ಟ್ ಹಾಕಿ, ಮತ್ತೊಮ್ಮೆ ಮಾಡಿಸಿ.

ಇಂತಿ,
ನಿಮ್ಮ ಓದುಗ