ಏರ್‌ಗನ್ ಟ್ರಿಗರಿಗೆ ಅರ ಹಾಕುವ ಮುಂಚೆ

ಸಂಪಾದಕರೇ,

ಹೋದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಏರ್ ರೈಫಲ್ ಕಲಿಯುವ ಮಕ್ಕಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿದ್ದದ್ದೆಲ್ಲ ಸಿಲಿಂಡರಿನ ಗಾಳಿಯಿಂದ ಹಾರಿಸುವ ದುಬಾರಿ ರೈಫಲುಗಳ ವಿಷಯ. ನಮ್ಮಂಥವರ ಕೈಲಿರುವುದು ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಏರ್‌ಗನ್. ಜಾತ್ರೆಯಲ್ಲಿ ಬಲೂನ್ ಒಡೆಯೋಕೆ ಕೊಡುತ್ತಾರಲ್ಲ, ಅದೇ ಜಾತಿ. 4.5 ಮಿ.ಮೀ. ನಳಿಗೆ, 20 ಜೂಲ್ ಮೀರದ ಶಕ್ತಿ ಇದ್ದರೆ ಲೈಸೆನ್ಸ್ ಬೇಡ, ಹಾಗಾಗಿ ಕೊಳ್ಳುವವರು ಬಹಳ. ಹೇಳಿಕೊಡುವವರು ಯಾರೂ ಇಲ್ಲ.

ನಾನು ಅಡಿಕೆ ಬೆಳೆಗಾರ. ಏರ್‌ಗನ್ ತಂದದ್ದು ತೋಟಕ್ಕೆ ಬರುವ ಮಂಗಗಳನ್ನು ಸದ್ದು ಮಾಡಿ ಓಡಿಸೋಣ ಅಂತ. ಮಂಗಗಳು ಎರಡೇ ದಿನದಲ್ಲಿ ಆ ಸದ್ದಿಗೆ ಒಗ್ಗಿಕೊಂಡವು. ಗುರಿ ಹೊಡೆಯುವ ಹುಚ್ಚು ಮಾತ್ರ ನನಗೆ ಹತ್ತಿತು. ಕೊಟ್ಟಿಗೆಯ ಹಿಂದೆ ಮರಳು ಚೀಲ ಪೇರಿಸಿ, ಹತ್ತು ಮೀಟರ್ ದೂರದಿಂದ ಹೊಡೆದರೆ ಐದು ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಒಂದು ತೆಂಗಿನಕಾಯಿಯಷ್ಟು ಜಾಗದಲ್ಲಿ ಚೆದುರುತ್ತಿದ್ದವು. ಕೈ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಕಣ್ಣು ಸರಿಯಿಲ್ಲ ಅಂತ ಸ್ಕೋಪ್ ತಂದು ಹಾಕಿಸಿದೆ. ದುಡ್ಡು ಹೋಯಿತೇ ಹೊರತು ಗುರಿ ಸರಿಯಾಗಲಿಲ್ಲ. ಕೊನೆಗೊಂದು ದಿನ, ಮಗಳು ವಿಮಾನದ ಲಗೇಜ್ ತೂಗೋಕೆ ತಂದಿಟ್ಟಿದ್ದ ಕೊಕ್ಕೆ ತಕ್ಕಡಿಯನ್ನು ಟ್ರಿಗರಿಗೆ ಸಿಕ್ಕಿಸಿ, ಗನ್ನನ್ನು ಮರಳು ಚೀಲದ ಕಡೆ ಮುಖ ಮಾಡಿ ಭದ್ರವಾಗಿ ಕಟ್ಟಿ, ಪೆಲೆಟ್ ಹಾಕಿಯೇ ಮೆಲ್ಲಗೆ ಎಳೆದು ನೋಡಿದೆ. ಗುಂಡು ಹಾರಿದ್ದು 3 ಕೆಜಿ 400 ಗ್ರಾಮಿಗೆ. ಗನ್ನಿನ ತೂಕವೇ 3 ಕೆಜಿ! ಗನ್ನಿಗಿಂತ ಜಾಸ್ತಿ ಭಾರವನ್ನು ಒಂದು ಬೆರಳಲ್ಲಿ ಎಳೆದರೆ ಗನ್ ಅಲುಗದೆ ಇನ್ನೇನು ಮಾಡುತ್ತದೆ? (ಪೆಲೆಟ್ ಇಲ್ಲದೆ ಹಾರಿಸಿದರೆ ಪಿಸ್ಟನ್ನಿಗೆ ಗಾಳಿಯ ತಡೆ ಸಿಗದೆ ಜೋರಾಗಿ ಬಡಿದು ಸೀಲ್ ಹಾಳಾಗುತ್ತದೆ. ಅದಕ್ಕೇ ಪೆಲೆಟ್ ಹಾಕಿಯೇ ಅಂದಿದ್ದು.)

ಒಳಗೆ ನಡೆಯುವುದು ಇಷ್ಟು. ನಳಿಗೆ ಮಡಚಿದಾಗ ಪಿಸ್ಟನ್ ಹಿಂದಕ್ಕೆ ಬಂದು, ದಪ್ಪ ಸ್ಪ್ರಿಂಗನ್ನು ಒತ್ತಿಕೊಂಡು ಒಂದು ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಆ ಕೊಕ್ಕೆಗೆ ಸಿಯರ್ ಅನ್ನುತ್ತಾರೆ. ಸ್ಪ್ರಿಂಗಿನ ಅಷ್ಟೂ ಒತ್ತಡ ಅದರ ಮೇಲೆ. ಅದು ಬಿಟ್ಟರೆ ಪಿಸ್ಟನ್ ಮುಂದಕ್ಕೆ ನುಗ್ಗಿ, ಆ ಗಾಳಿಯ ಒತ್ತಡಕ್ಕೆ ಪೆಲೆಟ್ ಹಾರುತ್ತದೆ. ಅಗ್ಗದ ಗನ್ನಿನಲ್ಲಿ ಟ್ರಿಗರ್ ಎಳೆದರೆ ನೇರವಾಗಿ ಆ ಕೊಕ್ಕೆಯನ್ನೇ ಉಜ್ಜಿಕೊಂಡು ಬಿಡಿಸಬೇಕು. ಜರ್ಮನಿಯ ವೈರೌಖ್ ಕಂಪನಿಯ ರೆಕಾರ್ಡ್ ಟ್ರಿಗರಿನಂಥದ್ದರಲ್ಲಿ ನಡುವೆ ಬೇರೆ ಸನ್ನೆಕೋಲುಗಳಿವೆ, ಭಾರ ಹಂಚಿಹೋಗುತ್ತದೆ, ಬೆರಳಿಗೆ ಬರುವುದು ಕೊಂಚವೇ. ಸ್ಪರ್ಧೆಯ ರೈಫಲಿನಲ್ಲಿ ಇಷ್ಟು ದೊಡ್ಡ ಸ್ಪ್ರಿಂಗೇ ಇಲ್ಲ, ಹಾಗಾಗಿ ಅದರ ಟ್ರಿಗರ್ ಗ್ರಾಮುಗಳ ಲೆಕ್ಕದಲ್ಲಿ ಇಟ್ಟುಕೊಳ್ಳಬಹುದು. ಹತ್ತು ಮೀಟರ್ ಏರ್ ಪಿಸ್ತೂಲಿಗಾದರೆ ಕನಿಷ್ಠ 500 ಗ್ರಾಂ ಇರಬೇಕು ಅಂತ ನಿಯಮ, ರೈಫಲಿಗೆ ಆ ಮಿತಿಯೂ ಇಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಆ ವಿಭಾಗದಲ್ಲಿ. ಅದನ್ನು ನೋಡಿ ನಮ್ಮ ಸ್ಪ್ರಿಂಗ್ ಗನ್ನಿಗೂ ಅಷ್ಟೇ ಹಗುರ ಬೇಕು ಅಂತ ಹೊರಟರೆ ಕೆಟ್ಟೆವು.

ನಾನು ಹೊರಟೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಸಿಯರ್ ಬಿಚ್ಚಿ ಅರ ಹಾಕಿದೆ, ಆಮೇಲೆ ನುಣ್ಣನೆ ಮರಳು ಕಾಗದದಿಂದ ಕನ್ನಡಿಯಂತೆ ಹೊಳೆಯುವ ಹಾಗೆ ಉಜ್ಜಿದೆ. ಟ್ರಿಗರ್ ಬೆಣ್ಣೆಯಾಯಿತು. ಎರಡು ವಾರ ಊರಿಗೆಲ್ಲ ತೋರಿಸಿದೆ. ಆದರೆ ಸಿಯರಿನ ಮೇಲ್ಮೈ ಮಾತ್ರ ಗಟ್ಟಿ ಮಾಡಿರುತ್ತಾರೆ, ತೆಳ್ಳಗಿನ ಪದರ ಅದು. ಅರ ಹಾಕಿದರೆ ಹೋಗುವುದು ಅದೇ. ಒಳಗಿನ ಮೆತ್ತನೆ ಕಬ್ಬಿಣ ದಿನದಿನಕ್ಕೆ ಸವೆದು ಅಂಚು ಗುಂಡಗಾಗುತ್ತದೆ. ಒಂದು ಸಂಜೆ ನಳಿಗೆ ಮಡಚಿ, ಎಡಗೈ ಬಿಟ್ಟು, ಬಲಗೈಯಲ್ಲಿ ಪೆಲೆಟ್ ಇಡುತ್ತಿದ್ದೆ. ಟ್ರಿಗರ್ ಮುಟ್ಟಿಯೇ ಇರಲಿಲ್ಲ. ಟಪ್ ಅಂತ ಸಿಯರ್ ಜಾರಿ ನಳಿಗೆ ಮೇಲಕ್ಕೆ ಬಡಿಯಿತು. ಹೆಬ್ಬೆರಳಿನ ಉಗುರು ಹೋಯಿತು, ನಳಿಗೆ ಮೇಲ್ಮುಖವಾಗಿ ಬಾಗಿತು, ಮರದ ಹಿಡಿ ಬಿರುಕು ಬಿಟ್ಟಿತು. ಮನೆಯವಳು ಒಂದು ಮಾತೂ ಆಡಲಿಲ್ಲ, ಅದು ಬೈದದ್ದಕ್ಕಿಂತ ಜಾಸ್ತಿ ನೋವಾಯಿತು.

ಹೊಸ ಸಿಯರ್, ಹೊಸ ನಳಿಗೆ ತರಿಸಿಕೊಂಡ ಮೇಲೆ ಬುದ್ಧಿ ಬಂತು. ಮೊದಲು ಹಿಡಿಯ ತಿರುಪುಗಳನ್ನು ಬಿಗಿ ಮಾಡಿದೆ. ಸ್ಪ್ರಿಂಗ್ ಗನ್ನಿನ ಕುಲುಕಾಟಕ್ಕೆ ಅವು ಸಡಿಲ ಆಗುತ್ತಲೇ ಇರುತ್ತವೆ. ಆಮೇಲೆ ಟ್ರಿಗರ್ ಭಾಗದ ಹಳೇ ಜಿಡ್ಡು ತೆಗೆದೆ. ಅದೇನು ಗೊತ್ತಾ? ನಾನೇ ಹಿಂದೆ ಬಿಟ್ಟಿದ್ದ ಕೊಬ್ಬರಿ ಎಣ್ಣೆ! ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಟ್ರಿಗರಿನೊಳಗೆ ಏನಾಗಬೇಡ. ಹೊಲಿಗೆ ಮೆಷಿನ್ನಿನ ಎಣ್ಣೆಯೂ ಬೇಡ, ಅದು ಹರಿದು ಪಿಸ್ಟನ್ ಮುಂದೆ ಸೇರಿಕೊಂಡರೆ ಒತ್ತಡದ ಬಿಸಿಗೆ ಹೊತ್ತಿ ಹೊಗೆ ಬರುತ್ತದೆ. ಸಿಯರ್ ಮುಖಕ್ಕೆ ಸಾಸಿವೆ ಕಾಳಿನಷ್ಟು ಮಾಲಿ (ಮಾಲಿಬ್ಡಿನಮ್ ಬೆರೆಸಿದ) ಗ್ರೀಸ್ ಸಾಕು. ಟ್ರಿಗರಿನ ಪಿನ್ ಸಡಿಲವಾಗಿ ಅತ್ತಿತ್ತ ಆಡುತ್ತಿತ್ತು, ಎರಡೂ ಪಕ್ಕ ತೆಳು ವಾಷರ್ ಕೊಟ್ಟೆ. ಆಮೇಲೆ ಭಾರದ ತಿರುಪನ್ನು (ಟ್ರಿಗರ್ ಎಷ್ಟು ಭಾರಕ್ಕೆ ಬಿಡಬೇಕು ಅಂತ ಹೊಂದಿಸುವುದು) ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಸಡಿಲಿಸಿ, ಪ್ರತಿ ಸಲ ತಕ್ಕಡಿಯಲ್ಲಿ ಎಳೆದು ನೋಡಿದೆ. 1 ಕೆಜಿ 700 ಗ್ರಾಮಿಗೆ ಬಂದಾಗ ಕೈ ತೆಗೆದೆ. ಅದಾದ ಮೇಲೆ ಪೆಲೆಟ್ ಹಾಕಿ, ನಳಿಗೆ ಮುಚ್ಚಿ, ಮರಳು ಚೀಲದ ಕಡೆ ಹಿಡಿದು ಹಿಡಿಗೆ ಅಂಗೈಯಿಂದ ನಾಲ್ಕು ಗುದ್ದು ಕೊಟ್ಟೆ. ತಾನಾಗಿ ಹಾರಲಿಲ್ಲ. ಹಾರಿದ್ದರೆ ಎಷ್ಟೇ ಹಗುರ ಇದ್ದರೂ ಆ ತಿರುಪು ವಾಪಸ್ ಹೋಗಬೇಕಿತ್ತು.

ಈಗ ಟ್ರಿಗರ್ ಸ್ವಲ್ಪ ದೂರ ಸಲೀಸಾಗಿ ಬಂದು ಒಂದು ಕಡೆ ತಡೆಯುತ್ತದೆ. ಅಲ್ಲಿ ಉಸಿರು ಹಿಡಿದು ಇನ್ನೊಂದಿಷ್ಟು ಒತ್ತಿದರೆ ಗುಂಡು. ಮೊದಲು ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಎಳೆದಂತೆ ಕರಕರ ಅನ್ನುತ್ತಿತ್ತು, ಯಾವ ಗಳಿಗೆಯಲ್ಲಿ ಹಾರುತ್ತದೋ ತಿಳಿಯುತ್ತಿರಲಿಲ್ಲ. ಸ್ಪ್ರಿಂಗ್ ಗನ್ ಪೆಲೆಟ್ ಹೊರಬೀಳುವ ಮೊದಲೇ ಕುಲುಕೋಕೆ ಶುರುಮಾಡುತ್ತದೆ, ಜೊತೆಗೆ ಬೆರಳೂ ಎಳೆದಾಡಿದರೆ ಮುಗಿಯಿತು. ಅದೇ ಸ್ಕೋಪ್, ಅದೇ ಡಬ್ಬಿಯ ಪೆಲೆಟ್, ಈಗ ಐದೂ ಎರಡು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ. ಹೊಸ ನಳಿಗೆಗೂ ಪಾಲಿದೆ ಅನ್ನಿ, ಆದರೆ ಹಳೇ ನಳಿಗೆ ಬಾಗುವ ಮುಂಚೆ ನೆಟ್ಟಗೇ ಇತ್ತಲ್ವಾ.

ನನ್ನ ದೂರು ಒಂದೇ. ಗನ್ ಜೊತೆ ಅಂಗಡಿಯವರು ಕೊಟ್ಟದ್ದು ಇಂಗ್ಲಿಷಿನ ಒಂದು ಚೀಟಿ. ಅದರಲ್ಲಿ ಟ್ರಿಗರ್ ಬಗ್ಗೆ ಇದ್ದದ್ದು ‘ಮುಟ್ಟಬೇಡಿ’ ಅಂತ ಅಷ್ಟೇ. ಮುಟ್ಟಬೇಡಿ ಅಂದರೆ ಜನ ಮುಟ್ಟದೇ ಇರುತ್ತಾರಾ? ಯಾವ ತಿರುಪು ಭಾರದ್ದು, ಯಾವುದು ಸಿಯರಿನ ಹಿಡಿತದ್ದು, ಎರಡನೆಯದನ್ನು ಯಾಕೆ ಮುಟ್ಟಬಾರದು, ಪೆಲೆಟ್ ಇಡುವಾಗ ಇನ್ನೊಂದು ಕೈಯಲ್ಲಿ ನಳಿಗೆ ಯಾಕೆ ಹಿಡಿದಿರಬೇಕು, ಇಷ್ಟನ್ನು ಚಿತ್ರದ ಜೊತೆ ಕನ್ನಡದಲ್ಲಿ ಒಂದು ಪುಟ ಹಾಕಿ ಕೊಡೋಕೆ ತಯಾರಕರಿಗೆ ಏನು ಕಷ್ಟ? ಅವರು ಮಾಡುವ ತನಕ ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಜಾಗ ಕೊಡಿ, ಚಿತ್ರ ನಾನೇ ಬಿಡಿಸಿ ಕಳಿಸುತ್ತೇನೆ. ಉಗುರು ಪೂರ್ತಿ ಬಂದಿದೆ, ಪೆನ್ಸಿಲ್ ಹಿಡಿಯೋಕೆ ತೊಂದರೆ ಇಲ್ಲ.

– ಒಬ್ಬ ಓದುಗ, ತೀರ್ಥಹಳ್ಳಿ