ಮಗಳಿಗೊಂದು ಪತ್ರ: ಬಂಡೆಯ ಮೇಲಿನ ಗೌರಿ ಹೂ

ಉಡುಪಿ

ಪುಟ್ಟೀ,

ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಕುದುರೆಮುಖದ ಶೋಲೆಗೆ, ಆ ಬೆಟ್ಟದ ಕಣಿವೆಗಳ ಕಾಡಿಗೆ, ಗೌರಿ ಹೂಗಳ ಸರ್ವೆಗೆ ಹೊರಟಿದ್ದೀ, ಒಳ್ಳೆಯ ಕಾಲವೇ. ಬಂಡೆಗೂ ಪಾಚಿ ಹಿಡಿದ ಮರಕ್ಕೂ ಅಂಟಿಕೊಳ್ಳುವ ಕಾಡು ಗೌರಿ ಹೂಗಳು ಮಳೆ ಹೋದ ಮೇಲೆ ಬರೀ ಗೆಡ್ಡೆಯಾಗಿ ಅಡಗುತ್ತವೆ. ಡಿಸೆಂಬರಿನಲ್ಲಿ ಹೋಗಿ 'ಇಲ್ಲಿಲ್ಲ' ಅಂತ ಬರೆದರೆ ಅದಕ್ಕೆ ಅರ್ಥವಿಲ್ಲ.

ಈ ಕುಲದಲ್ಲಿ ಜಾತಿ ಗೊತ್ತಾಗುವುದೇ ಹೂವಿನಿಂದ, ಆ ಹೂವೋ ಗಿಡ ಒತ್ತಿ ಒಣಗಿಸುವ ಪ್ರೆಸ್ಸಿಗೆ ಹಾಕಿದರೆ ಕಾಗದದ ಮೇಲೆ ಒಂದು ಕಲೆ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅಂಥವರೇ ಕೊನೆಗಾಲದವರೆಗೆ ಇದರ ಜೊತೆ ಹೆಣಗಿದ್ದರು. ಹಾಗಾಗಿ ಕೆಲಸವೆಲ್ಲ ಬಂಡೆಯ ಬುಡದಲ್ಲೇ ಮುಗಿಯಬೇಕು. ಅಳತೆಪಟ್ಟಿ ಹಿಡಿದು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗಿ. ಆಮೇಲೆ ಒಂದು ಹೂ ಬಿಡಿಸಿ ಕಪ್ಪು ಹಾಳೆಯ ಮೇಲೆ ಹರಡು: ಪಕ್ಕದ ಪುಟ್ಟ ಪುಷ್ಪಪತ್ರಗಳು (ಎರಡೋ ನಾಲ್ಕೋ ನೋಡು), ಹಿಂದಕ್ಕೆ ಕೊಂಬು ಚಾಚಿದ ಕೆಳಪತ್ರ, ಮೇಲಿನ ಎಸಳು, ಕೂಡಿಕೊಂಡ ರೆಕ್ಕೆ ಎಸಳುಗಳ ಜೋಡಿ. ಇನ್ನೊಂದು ಹೂ 70% ಆಲ್ಕೋಹಾಲಿಗೆ. ಅದರಲ್ಲಿ ಬಣ್ಣ ಉಳಿಯುವುದಿಲ್ಲ, ಬಣ್ಣವನ್ನು ಆಗಲೇ ಬರೆದಿಡು, ಅದೂ ಪೆನ್ಸಿಲಿನಲ್ಲಿ.

ಎಣಿಕೆಗೆ ಪೈಪಿನ ಚೌಕ ಒಯ್ಯಬೇಡ, ಕಡಿದಾದ ಬಂಡೆಯಲ್ಲಿ ನಿಲ್ಲದು. 4 ಮೀಟರ್ ಹಗ್ಗವನ್ನು ಬಳೆಯಂತೆ ಕಟ್ಟಿ ಮೀಟರಿಗೊಂದು ಗಂಟು ಹಾಕು, ಗಂಟುಗಳೇ ಮೂಲೆ. ಹಳ್ಳದ ಗುಂಟ 100 ಮೀಟರ್, ಪ್ರತಿ 10 ಮೀಟರಿಗೆ ಒಂದು ಚೌಕ. ಹೂ ಕಂಡಲ್ಲಿಗೆ ಹಗ್ಗ ಎಳೆದೆಯೋ, ಲೆಕ್ಕ ಉಬ್ಬಿಹೋಯಿತು. ಎಲ್ಲರೂ ತಪ್ಪುವುದು ಇಲ್ಲೇ. ಗಿಡ ಸಿಗದ ಚೌಕಕ್ಕೂ ಸೊನ್ನೆ ಬರಿ. ಮೊಳಕೆ, ಬರೀ ಎಲೆ, ಹೂ, ಕಾಯಿ ಬೇರೆಬೇರೆ ಎಣಿಸು. ಒಂದೇ ಗೆಡ್ಡೆಯಿಂದ ನಾಲ್ಕೈದು ಎಲೆ ಬರುತ್ತವೆ, ಬುಡದವರೆಗೆ ನೋಡದಿದ್ದರೆ ಒಂದು ಗಿಡ ನಾಲ್ಕಾಗುತ್ತದೆ. ಬಲಿತ ಕಾಯಿ ಮುಟ್ಟಿದರೆ ಸಿಡಿದುಹೋಗುತ್ತದೆ, ಕೈ ದೂರವಿರಲಿ.

ಮರದಡಿ ಜಿಪಿಎಸ್ ಹತ್ತು ಹದಿನೈದು ಮೀಟರ್ ಆಚೀಚೆ ತೋರಿಸುತ್ತದೆ. ಸ್ವಲ್ಪ ಕಾದು, ಅದು ತೋರಿಸುವ ದೋಷದ ಅಂಕಿಯನ್ನೂ ಬರೆದುಕೋ.

1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಪತ್ರವಿಲ್ಲದೆ ಒಂದೆಲೆಯೂ ಕೀಳುವಂತಿಲ್ಲ. ಪತ್ರವಿದ್ದರೂ ಇಪ್ಪತ್ತಕ್ಕಿಂತ ಕಡಿಮೆ ಗಿಡವಿರುವ ಕಡೆ ಗೆಡ್ಡೆ ಎಬ್ಬಿಸಬೇಡ, ಇದು ನನ್ನ ಲೆಕ್ಕ. ಜಾಗವನ್ನು ಸ್ಟೇಟಸ್ಸಿಗೆ ಹಾಕಲೂ ಬೇಡ.

ಇಂಬಳಕ್ಕೆ ಹೊಗೆಸೊಪ್ಪಿನ ನೀರಲ್ಲಿ ಸಾಕ್ಸ್ ಅದ್ದು. ಪ್ರೆಸ್ಸಿನ ಪೇಪರು ಬೆಳಿಗ್ಗೆ ಸಂಜೆ ಬದಲಿಸದಿದ್ದರೆ ಮರುದಿನವೇ ಬೂಷ್ಟು. ಹಳೆಯ ಪೇಪರಿನ ಎರಡು ಕಟ್ಟು ಜಗಲಿಯಲ್ಲಿಟ್ಟಿದ್ದೇನೆ.

ಅಮ್ಮ