ಅತಿಥಿ ಉಪನ್ಯಾಸಕರ ಬಿಲ್ಲು ನೋಟಿಸ್ ಬೋರ್ಡಿಗೆ ಬರಲಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ನಮ್ಮಲ್ಲಿ ರೆಡ್ ಅಲರ್ಟ್, ಅದರ ಹಿಂದೆಯೇ ಜಿಲ್ಲಾಧಿಕಾರಿಗಳ ರಜೆ. ಕಾಲೇಜುಗಳಿಗೂ ರಜೆ ಸಾರಿದ ದಿನ ಕಾಯಂ ಪ್ರಾಧ್ಯಾಪಕರ ಸಂಬಳಕ್ಕೆ ಏನೂ ಆಗುವುದಿಲ್ಲ. ಗಂಟೆ ಲೆಕ್ಕದಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಮಾತ್ರ ತರಗತಿ ಇಲ್ಲವೆಂದರೆ ದುಡ್ಡೂ ಇಲ್ಲ. ದಸರಾ ರಜೆಗೂ ಅಷ್ಟೇ, ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವದ ರಜೆಗೂ ಅಷ್ಟೇ.

ವಿಶ್ವವಿದ್ಯಾಲಯವೊಂದರ ವಿಭಾಗದ ಕಚೇರಿಯಲ್ಲಿ ಇಂಥ ಬಿಲ್ಲು ತಯಾರಿಸುತ್ತಲೇ ನಿವೃತ್ತಳಾದವಳು ನಾನು. ಹೆಸರು ಬೇಡ, ಇದು ಒಂದೇ ಕಡೆಯ ಕತೆ ಅಲ್ಲ.

ಬಿಲ್ಲಿನ ದಾರಿ ಹೇಗೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ತಿಂಗಳ ಕೊನೆಗೆ ಅತಿಥಿ ಉಪನ್ಯಾಸಕರು ತಾವು ಮಾಡಿದ ತರಗತಿಗಳನ್ನು ತಾರೀಕು, ಗಂಟೆ, ಪೇಪರ್ ಸಮೇತ ಬರೆದು ಕೊಡುತ್ತಾರೆ. ನಾವು ಅದನ್ನು ಟೈಮ್‌ಟೇಬಲ್ ಜೊತೆ, ಹಾಜರಿ ಪುಸ್ತಕದ ಜೊತೆ ತಾಳೆ ನೋಡುತ್ತೇವೆ. ಮುಖ್ಯಸ್ಥರ ಸಹಿ ಆದ ಮೇಲೆ ಹಣಕಾಸು ವಿಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಒಂದು ಆಕ್ಷೇಪಣೆ ಬಂದರೆ ಮುಗಿಯಿತು. ಯಾರೋ ಒಬ್ಬರು ಒಂದು ದಿನ ಸಹಿ ಮಾಡಲು ಮರೆತರೆ ಇಡೀ ವಿಭಾಗದ ಬಿಲ್ಲು ವಾಪಸ್. ಈ ಸಂಗತಿ ಗುಮಾಸ್ತರಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಪಿಎಚ್.ಡಿ. ಮುಗಿಸಿದವರು, ಉಪನ್ಯಾಸಕರ ಅರ್ಹತಾ ಪರೀಕ್ಷೆ ‘ನೆಟ್’ ಪಾಸಾದವರು ನನ್ನ ಮೇಜಿನ ಎದುರು ನಿಂತು, ‘ಮೇಡಂ, ಬಿಲ್ಲು ಎಲ್ಲಿಗೆ ಮುಟ್ಟಿತು?’ ಎಂದು ಸಣ್ಣ ಸ್ವರದಲ್ಲಿ ಕೇಳುತ್ತಿದ್ದರು.

ತಡವಾದರೂ ದುಡ್ಡು ಬಂದೀತು. ಗಂಟೆ ಹಂಚುವ ರೀತಿ ಅದಕ್ಕಿಂತ ಕೆಟ್ಟದ್ದು. ವಾರಕ್ಕೆ ಯಾರಿಗೆ ಎಷ್ಟು ಗಂಟೆ ಎನ್ನುವುದು ಮುಖ್ಯಸ್ಥರ ಕೋಣೆಯೊಳಗೇ ತೀರ್ಮಾನ. ಮಳೆಗೆ ತಪ್ಪಿದ ತರಗತಿಯನ್ನು ಶನಿವಾರ ಮಾಡಲು ಒಬ್ಬರಿಗೆ ಒಪ್ಪಿಗೆ ಸಿಗುತ್ತದೆ, ಇನ್ನೊಬ್ಬರಿಗೆ ‘ಕ್ಲಾಸ್ ರೂಮ್ ಖಾಲಿ ಇಲ್ಲ’ ಎಂಬ ಉತ್ತರ. ಯಾಕೆ ಅಂತ ಕೇಳುವವರಿಲ್ಲ. ಮುಂದಿನ ವರ್ಷದ ಆಯ್ಕೆಗೂ ಈ ಮುಖ್ಯಸ್ಥರೇ ಕೂತಿರಬಹುದು, ಅಲ್ವಾ? ನ್ಯಾಯವಾಗಿ ಹಂಚುವ ಮುಖ್ಯಸ್ಥರನ್ನೂ ಕಂಡಿದ್ದೇನೆ. ಆದರೆ ಮುಖ್ಯಸ್ಥರ ಸರದಿ ಬದಲಾದ ಕೂಡಲೇ ಪದ್ಧತಿಯೂ ಬದಲಾಗುತ್ತಿತ್ತು. ಸರ್ಕಾರವೇ ಸಾರಿದ ರಜೆಯ ದಿನ ಟೈಮ್‌ಟೇಬಲಿನಲ್ಲಿದ್ದ ಗಂಟೆಗಳನ್ನು ಪಾಠ ಮಾಡಿದಂತೆಯೇ ಲೆಕ್ಕ ಹಿಡಿಯಬೇಕು. ವಿಶ್ವವಿದ್ಯಾಲಯಗಳ ಆಡಳಿತ ನೋಡುವ ಸಿಂಡಿಕೇಟ್ ಸಭೆಗಳು ಇದಕ್ಕೊಂದು ತೀರ್ಮಾನ ಮಾಡಲಿ.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರ ಜನವರಿಯಲ್ಲಿ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ಹೇಳಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ರಾಜ್ಯ ಸರ್ಕಾರ 2022ರಲ್ಲಿ ಅರ್ಹತೆ, ಅನುಭವ ನೋಡಿ ತಿಂಗಳಿಗೆ 26,000ದಿಂದ 32,000 ನಿಗದಿ ಮಾಡಿ, ಆಮೇಲೆ ಏರಿಸಿತು. ನಾನು ಬಿಲ್ಲು ಬರೆಯುತ್ತಿದ್ದ ದರ ಯುಜಿಸಿ ಹೇಳಿದ್ದರ ಹತ್ತಿರಕ್ಕೂ ಬರುತ್ತಿರಲಿಲ್ಲ. ದುಡ್ಡಿಲ್ಲ ಎನ್ನುತ್ತಾರೆ. ಇರಲಿ, ಇರುವುದನ್ನಾದರೂ ಎಲ್ಲರ ಕಣ್ಣೆದುರು ಹಂಚಬಹುದಲ್ಲ.

ಈ ಲೆಕ್ಕವನ್ನು ಬಹಿರಂಗ ಮಾಡಿ ಎಂದು ಕೇಳಿದರೆ ‘ಅದು ಅವರವರ ವೈಯಕ್ತಿಕ ವಿಷಯ’ ಎನ್ನುತ್ತಾರೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ಪ್ರಕಾರ ತನ್ನ ಪ್ರತಿ ನೌಕರರ ತಿಂಗಳ ಸಂಬಳವನ್ನು ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು. ಹತ್ತು ರೂಪಾಯಿಯ ಅರ್ಜಿ ಹಾಕುವ ಅಗತ್ಯವೇ ಇಲ್ಲ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಸಿಗುವವರದ್ದು ಬಹಿರಂಗ, ಕಡಿಮೆ ಸಿಗುವವರದ್ದು ಮಾತ್ರ ಗುಟ್ಟು! ಹಾಜರಿ 75 ಶೇಕಡಾಕ್ಕಿಂತ ಕಡಿಮೆಯಾದ ವಿದ್ಯಾರ್ಥಿಗಳ ಶಾರ್ಟೇಜ್ ಪಟ್ಟಿಯನ್ನು ಹೆಸರು ಸಮೇತ ಗೋಡೆಗೆ ಅಂಟಿಸಿದವಳು ನಾನೇ. ಆಗ ಯಾರೂ ವೈಯಕ್ತಿಕ ಎನ್ನಲಿಲ್ಲ.

ನಾನು ಕೇಳುವುದು ತಿಂಗಳಿಗೊಂದು ಹಾಳೆ. ಹೆಸರು, ಕೊಟ್ಟ ಗಂಟೆ, ಬಿಲ್ಲಾದ ಗಂಟೆ, ಬಿಲ್ಲು ಕಳಿಸಿದ ತಾರೀಕು, ಆಕ್ಷೇಪಣೆ ಇದ್ದರೆ ಏನು ಎಂಬುದು. ಇಷ್ಟೂ ವಿವರ ಬಿಲ್ಲು ಮಾಡುವಾಗಲೇ ಗುಮಾಸ್ತರ ಕಂಪ್ಯೂಟರಿನಲ್ಲಿ ಟೈಪ್ ಆಗಿರುತ್ತದೆ. ಪ್ರಿಂಟ್ ತೆಗೆದು ಅಂಟಿಸಲು ಸಭೆಯೂ ಬೇಡ, ಸುತ್ತೋಲೆಯೂ ಬೇಡ. ಮುಖ್ಯಸ್ಥರು ಹೂಂ ಎಂದರೆ ಸಾಕು.

– ನಿವೃತ್ತ ಸೂಪರಿಂಟೆಂಡೆಂಟ್, ಸಂತೆಕಟ್ಟೆ, ಉಡುಪಿ